ಊರು ಬೆಳೆಯಿತು, ದಾರಿ ಕೂಡಲಿಲ್ಲ: ದಾವಣಗೆರೆ–ಹರಿಹರದ ರಸ್ತೆಜಾಲ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಮನೆಯೊಂದನ್ನು ಹುಡುಕಿ ಹೊರಟವರು ಒಂದು ಅಡ್ಡರಸ್ತೆ ತಪ್ಪಿ ಮುಂದೆ ಹೋದರೂ ಕಂಗೆಡಬೇಕಾಗಿಲ್ಲ. ಮುಂದಿನ ಅಡ್ಡರಸ್ತೆಯಲ್ಲಿ ಹೊರಳಿದರೆ ಸೇರಬೇಕಾದ ಜಾಗ ಸಿಕ್ಕೇ ಸಿಗುತ್ತದೆ. ತಪ್ಪಿದ ದಾರಿಗೆ ದಂಡವೆಂದರೆ ಒಂದೆರಡು ನಿಮಿಷ ಮಾತ್ರ. ಅದೇ ತಪ್ಪನ್ನು ಊರಂಚಿನ ಹೊಸ ಲೇಔಟೊಂದರಲ್ಲಿ ಮಾಡಿದರೆ ಕಥೆ ಬೇರೆ. ಡಾಂಬರು ನುಣುಪಾಗಿಯೇ ಇರುತ್ತದೆ, ಬೀದಿದೀಪವೂ ಇರುತ್ತದೆ. ಆದರೆ ನೂರು ಮೀಟರ್ ಹೋಗುವಷ್ಟರಲ್ಲಿ ರಸ್ತೆಗೆ ಅಡ್ಡಲಾಗಿ ಕಾಂಪೌಂಡು ಗೋಡೆ ನಿಂತಿರುತ್ತದೆ. ಗೋಡೆಯಾಚೆ ಇನ್ನೊಂದು ಲೇಔಟು. ಅಲ್ಲಿನ ಮನೆಯ ಟೆರೇಸಿನ ಮೇಲೆ ಒಣಹಾಕಿದ ಬಟ್ಟೆ ಕಾಣುತ್ತದೆ, ಆ ಮನೆಗೆ ಹೋಗುವ ದಾರಿ ಮಾತ್ರ ಕಾಣುವುದಿಲ್ಲ. ಬಂದ ದಾರಿಯಲ್ಲೇ ಹಿಂದಿರುಗಿ, ಮುಖ್ಯರಸ್ತೆ ಹಿಡಿದು, ಪಕ್ಕದ ಲೇಔಟಿನ ಕಮಾನು ಹುಡುಕಿ ಮತ್ತೆ ಒಳಹೊಗಬೇಕು.

ಎರಡೂ ಕಡೆ ಇರುವುದು ರಸ್ತೆಗಳೇ. ಹಾಗಿದ್ದೂ ಒಂದು ಕಡೆ ಅವು ಊರನ್ನು ಕೂಡಿಸುತ್ತವೆ, ಇನ್ನೊಂದು ಕಡೆ ಬಿಡಿಬಿಡಿಯಾಗಿ ಇಡುತ್ತವೆ. ನಗರ ಯೋಜಕರು ಇದನ್ನು ರಸ್ತೆಜಾಲದ ಸಂಪರ್ಕಗುಣ ಎನ್ನುತ್ತಾರೆ. ರಸ್ತೆ ಎಷ್ಟು ಅಗಲ, ಕಾಂಕ್ರೀಟು ಎಷ್ಟು ದಪ್ಪ ಎಂಬ ಪ್ರಶ್ನೆಗಳಿಗೂ ಇದಕ್ಕೂ ಸಂಬಂಧವಿಲ್ಲ. ಒಂದು ರಸ್ತೆ ಇನ್ನೆಷ್ಟು ರಸ್ತೆಗಳಿಗೆ ಕೂಡುತ್ತದೆ, ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಲು ಎಷ್ಟು ದಾರಿಗಳಿವೆ ಎಂಬುದಷ್ಟೇ ಇಲ್ಲಿನ ಲೆಕ್ಕ.

ಬಲೆ ಮತ್ತು ಮರ

ರಸ್ತೆಜಾಲಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ನೋಡಬಹುದು. ಮೊದಲನೆಯದು ಮೀನಿನ ಬಲೆಯಂತಹದು. ಪ್ರತಿ ಗಂಟಿನಲ್ಲಿ ನಾಲ್ಕು ಎಳೆಗಳು ಕೂಡುತ್ತವೆ. ಒಂದು ಎಳೆ ಹರಿದರೆ ಪಕ್ಕದ ಎಳೆ ಭಾರ ಹೊರುತ್ತದೆ. ಎರಡನೆಯದು ಮರದಂತಹದು. ಎಲೆಯಿಂದ ಎಲೆಗೆ ಹೋಗಬೇಕಾದರೆ ರೆಂಬೆಗಿಳಿದು, ಕೊಂಬೆಗಿಳಿದು, ಕೆಲವೊಮ್ಮೆ ಬೊಡ್ಡೆಯವರೆಗೂ ಬಂದು ಮತ್ತೆ ಏರಬೇಕು. ಎರಡು ಎಲೆಗಳು ಗಾಳಿಗೆ ಒಂದಕ್ಕೊಂದು ತಾಗುವಷ್ಟು ಹತ್ತಿರವಿದ್ದರೂ ದಾರಿ ಮಾತ್ರ ಬೊಡ್ಡೆಯ ಮೂಲಕವೇ.

ಇದನ್ನು ಅಳೆಯುವ ಸರಳ ವಿಧಾನವೊಂದಿದೆ. ಎರಡು ಮನೆಗಳ ನಡುವೆ ಹಕ್ಕಿ ಹಾರುವ ದೂರವೆಷ್ಟು, ರಸ್ತೆಯಲ್ಲಿ ಹೋಗಬೇಕಾದ ದೂರವೆಷ್ಟು ಎಂದು ಭಾಗಿಸಿ ನೋಡಬೇಕು. ಚೌಕುಳಿಯಂತೆ ಒತ್ತೊತ್ತಾಗಿ ಹರಡಿದ ಬೀದಿಗಳಲ್ಲಿ ಮೂಲೆಯಿಂದ ಮೂಲೆಗೆ ಹೋದರೂ ಈ ಅನುಪಾತ 1.41ನ್ನು ಮೀರುವುದಿಲ್ಲ. ಮರದಂತಹ ಜಾಲದಲ್ಲಿ ಇದಕ್ಕೆ ಮೇಲ್ಮಿತಿಯೇ ಇಲ್ಲ. ಬೆನ್ನಿಗೆ ಬೆನ್ನು ಹಚ್ಚಿ ನಿಂತ ಎರಡು ಮನೆಗಳ ನಡುವೆ ಒಂದೂವರೆ ಕಿಲೋಮೀಟರ್ ದಾರಿ ಇರುವುದೂ ಸಾಧ್ಯ.

ವಿಶ್ವಸಂಸ್ಥೆಯ ವಸತಿ ಕಾರ್ಯಕ್ರಮವು 2014ರಲ್ಲಿ ನೀಡಿದ ಸಲಹೆಯಂತೆ, ಒಂದು ಚದರ ಕಿಲೋಮೀಟರ್ ಬಡಾವಣೆಯಲ್ಲಿ ಕನಿಷ್ಠ 18 ಕಿಲೋಮೀಟರ್ ಉದ್ದದ ಬೀದಿಗಳಿರಬೇಕು, ನೆಲದ ಶೇ. 30ರಷ್ಟಾದರೂ ಬೀದಿಗೆ ಮೀಸಲಾಗಬೇಕು. ಚೌಕುಳಿ ಬಡಾವಣೆಗೆ ಈ ಸಂಖ್ಯೆಯನ್ನು ಅನ್ವಯಿಸಿದರೆ ಸುಮಾರು 110 ಮೀಟರಿಗೊಂದು ಅಡ್ಡರಸ್ತೆ ಬರುತ್ತದೆ. ಹಳೆಯ ಬಡಾವಣೆಗಳಲ್ಲಿ ನಡೆದು ಬಲ್ಲವರಿಗೆ ಇದೇನೂ ಅಪರೂಪದ ಅಳತೆಯಲ್ಲ.

ಸಂತೆಯ ಊರಿಗೆ ಹಳಿ ಬಂದಾಗ

ಹೈದರಾಲಿಯು ಅಪೋಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಿಯಾಗಿ ಕೊಟ್ಟ ಮೇಲೆ, ಅವನು ವರ್ತಕರನ್ನು ಕರೆತಂದು ನೆಲೆಗೊಳಿಸಿದ್ದರಿಂದ ದಾವಣಗೆರೆ ಹಳ್ಳಿಯಿಂದ ಪೇಟೆಯಾಯಿತು ಎಂಬುದು ಹಳೆಯ ಗೆಜೆಟಿಯರುಗಳ ಮಾತು. ವ್ಯಾಪಾರದ ಊರಿಗೆ ದಾರಿಗಳೇ ಜೀವಾಳ. ಮಂಡಿಪೇಟೆ, ಚೌಕಿಪೇಟೆ, ಹಗೇದಿಬ್ಬ — ಇಂದಿಗೂ ಬಳಕೆಯಲ್ಲಿರುವ ಈ ಹೆಸರುಗಳಲ್ಲಿ ಕಾಳುಕಡಿಯ ವಹಿವಾಟಿನ ವಾಸನೆಯಿದೆ. ಹಗೇವು ಎಂದರೆ ಧಾನ್ಯ ತುಂಬಿಡುವ ನೆಲಮಾಳಿಗೆ ಎಂಬುದನ್ನು ಇಂದಿನ ಎಷ್ಟು ಮಂದಿ ಬಲ್ಲರೋ ತಿಳಿಯದು. ಹಳೆಯ ಪೇಟೆಯ ಓಣಿಗಳು ಕಿರಿದು, ಡೊಂಕು. ಆದರೆ ಒಂದು ಓಣಿ ಹೊಕ್ಕರೆ ಮೂರು ಕಡೆಗಳಿಂದ ಹೊರಬೀಳಬಹುದು. ಯೋಜನೆಯಿಲ್ಲದೆ ಬೆಳೆದದ್ದೆಲ್ಲ ಕೂಡದ ರಸ್ತೆಯಾಗುತ್ತದೆ ಎಂಬ ಭಾವನೆ ಸರಿಯಲ್ಲ. ಕಾಲ್ನಡಿಗೆಯವರೂ ಎತ್ತಿನ ಬಂಡಿಯವರೂ ಮಾಡಿಕೊಂಡ ದಾರಿಗಳು ತಾವಾಗಿಯೇ ಕೂಡಿಕೊಂಡವು, ಏಕೆಂದರೆ ಸುತ್ತುದಾರಿಯ ದಣಿವು ಏನೆಂದು ಬಲ್ಲವರು ಅವರೇ.

ಮೈಸೂರು ಅರಸರ ಕಾಲದ ಹೆಸರು ಹೊತ್ತ ಪ್ರಿನ್ಸ್ ಜಯಚಾಮರಾಜ ಬಡಾವಣೆ, ಅಂದರೆ ಇಂದಿನ ಪಿ.ಜೆ. ಬಡಾವಣೆ, ಇದಕ್ಕೆ ಇನ್ನೊಂದು ಮಾದರಿ. ಇಲ್ಲಿ ಗೆರೆ ಎಳೆದು ಬೀದಿ ಮಾಡಲಾಯಿತು. ಮುಖ್ಯರಸ್ತೆ, ಅಡ್ಡರಸ್ತೆಗಳ ಲೆಕ್ಕ ಗೊತ್ತಿದ್ದರೆ ಹೊಸಬನೂ ದಾರಿ ತಪ್ಪುವುದಿಲ್ಲ. ಓಣಿಗಳ ಪೇಟೆ, ಚೌಕುಳಿಯ ಬಡಾವಣೆ ಎರಡೂ ನೋಡಲು ಬೇರೆಬೇರೆ. ಆದರೆ ಕೂಡುವ ಗುಣದಲ್ಲಿ ಒಂದೇ ಜಾತಿ.

ಈ ಊರಿನ ಮೊದಲ ದೊಡ್ಡ ಅಡ್ಡಗೋಡೆ ರೈಲು ಹಳಿ. 19ನೇ ಶತಮಾನದ ಕೊನೆಯ ಭಾಗದಲ್ಲಿ ಬೆಂಗಳೂರು–ಹರಿಹರ–ಹುಬ್ಬಳ್ಳಿ ಮಾರ್ಗ ಬಂದು ಹತ್ತಿಯ ವ್ಯಾಪಾರಕ್ಕೆ ರೆಕ್ಕೆ ಮೂಡಿಸಿತು. ಮುಂದೆ ಗಿರಣಿಗಳು ಎದ್ದು ಊರು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತು. ಅದೇ ಹಳಿ ಊರನ್ನು ಉದ್ದಕ್ಕೆ ಸೀಳಿತು. ದೂರದ ಊರುಗಳನ್ನು ಹತ್ತಿರ ತಂದ ವಸ್ತು ಪಕ್ಕದ ಓಣಿಯನ್ನು ದೂರ ಮಾಡಿತು. ಅಶೋಕ ಚಿತ್ರಮಂದಿರದ ಬಳಿಯ ರೈಲ್ವೆ ಗೇಟಿನ ಮುಂದೆ ಕಾದು ನಿಂತ ಅನುಭವ ದಾವಣಗೆರೆಯ ಮೂರು ತಲೆಮಾರುಗಳಿಗಿದೆ; ಅಲ್ಲಿ ಬದಲಿ ಮಾರ್ಗ ಬೇಕೆಂಬುದು ದಶಕಗಳ ಬೇಡಿಕೆಯಾಗಿತ್ತು. ಹಳಿ ದಾಟುವ ಜಾಗಗಳು ಎಣಿಕೆಗೆ ಸಿಗುವಷ್ಟೇ ಇದ್ದಾಗ ಏನಾಗುತ್ತದೆ ಎಂಬುದಕ್ಕೆ ಸಣ್ಣ ಗಣಿತವೇ ಸಾಕು. ಕಿಲೋಮೀಟರಿಗೊಂದು ದಾಟುದಾರಿ ಇದ್ದರೆ, ನಟ್ಟನಡುವೆ ವಾಸಿಸುವವನು ಹಳಿಯಾಚೆಯ ಎದುರು ಮನೆಗೆ ಹೋಗಲು ಅರ್ಧ ಕಿಲೋಮೀಟರ್ ಆ ಕಡೆ ಹೋಗಿ, ಅರ್ಧ ಕಿಲೋಮೀಟರ್ ಮರಳಿ ಬರಬೇಕು. ಎರಡು ಕಿಲೋಮೀಟರಿಗೊಂದಾದರೆ ಸುತ್ತು ಎರಡು ಕಿಲೋಮೀಟರ್. ದಾಟುದಾರಿ ಅರ್ಧವಾದರೆ ಸುತ್ತು ಇಮ್ಮಡಿ, ಆ ಒಂದೊಂದು ದಾಟುದಾರಿಯ ಮೇಲಿನ ನೂಕುನುಗ್ಗಲೂ ಇಮ್ಮಡಿ.

ಹಳಿಯ ಮಗ್ಗುಲಲ್ಲೇ ಹಳೆಯ ಪುಣೆ–ಬೆಂಗಳೂರು ರಸ್ತೆ, ಊರಿನವರ ಬಾಯಲ್ಲಿ ಪಿ.ಬಿ. ರಸ್ತೆ. ಸುವರ್ಣ ಚತುಷ್ಪಥ ಯೋಜನೆಯಲ್ಲಿ ಹೆದ್ದಾರಿಯು ಬೈಪಾಸಾಗಿ ಶಾಮನೂರು, ಕುಂದವಾಡ ಕಡೆಗೆ ಸರಿದಾಗ ಊರೊಳಗಿನ ಲಾರಿಗಳ ಹಾವಳಿ ತಗ್ಗಿತು, ನಿಜ. ಆದರೆ ಬೈಪಾಸು ಊರಿನ ಹೊರಗೆ ಉಳಿಯುವುದು ಹತ್ತು–ಹದಿನೈದು ವರ್ಷ ಮಾತ್ರ. ಅಷ್ಟರಲ್ಲಿ ನಿವೇಶನಗಳು ಅದನ್ನು ತಲುಪುತ್ತವೆ, ದಾಟುತ್ತವೆ. ಆಗ ಹೆದ್ದಾರಿಯೂ ಇನ್ನೊಂದು ಹಳಿಯಾಗುತ್ತದೆ. ಅಂಡರ್‌ಪಾಸ್ ಇದ್ದಲ್ಲಿ ದಾರಿ, ಇಲ್ಲದಲ್ಲಿ ಸರ್ವಿಸ್ ರಸ್ತೆಯ ಸುತ್ತು. ಸುತ್ತಲು ಮನಸ್ಸಿಲ್ಲದವರು ಜೀವ ಕೈಯಲ್ಲಿ ಹಿಡಿದು ಅಡ್ಡ ದಾಟುತ್ತಾರೆ.

ಸರ್ವೆ ನಂಬರಿನೊಳಗಿನ ಊರು

ಹಳಿ, ಹೆದ್ದಾರಿಗಳು ಎದ್ದು ಕಾಣುವ ಗೋಡೆಗಳು. ಇವುಗಳಿಗಿಂತ ಹೆಚ್ಚು ಪರಿಣಾಮ ಬೀರುತ್ತಿರುವುದು ಕಾಣದ ಗೋಡೆ: ಲೇಔಟುಗಳು ಹುಟ್ಟುವ ಬಗೆ.

2001ರ ಜನಗಣತಿಯಲ್ಲಿ ದಾವಣಗೆರೆಯ ಜನಸಂಖ್ಯೆ ಸುಮಾರು 3.64 ಲಕ್ಷ. 2011ರಲ್ಲಿ ಅದು 4.35 ಲಕ್ಷದ ಆಸುಪಾಸಿಗೆ ಬಂದಿತು. 1997ರಲ್ಲಿ ಜಿಲ್ಲಾ ಕೇಂದ್ರವಾದದ್ದು, 2007ರಲ್ಲಿ ಮಹಾನಗರ ಪಾಲಿಕೆಯಾದದ್ದು, ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸೆಳೆತ, ಎಲ್ಲವೂ ಸೇರಿ ನಿವೇಶನಗಳ ಬೇಡಿಕೆ ಏರಿತು. ಆ ಬೇಡಿಕೆಗೆ ನೆಲ ಬಂದದ್ದು ಸುತ್ತಲಿನ ಹೊಲಗದ್ದೆಗಳಿಂದ.

ಸಾಮಾನ್ಯ ಕ್ರಮ ಹೀಗೆ: ಒಬ್ಬ ರೈತನ ಅಥವಾ ಇಬ್ಬರು–ಮೂವರ ಜಮೀನು ಭೂಪರಿವರ್ತನೆಯಾಗುತ್ತದೆ. ನಾಲ್ಕೆಕರೆಯೋ ಹತ್ತೆಕರೆಯೋ, ಆ ಸರ್ವೆ ನಂಬರುಗಳ ಗಡಿಯೊಳಗೆ ಲೇಔಟ್ ನಕ್ಷೆ ತಯಾರಾಗುತ್ತದೆ. ನಕ್ಷೆ ಬರೆಯುವವನ ಮುಂದಿರುವ ಪ್ರಶ್ನೆ ಒಂದೇ, ಈ ಗಡಿಯೊಳಗೆ ಎಷ್ಟು ನಿವೇಶನ ಕೂಡಿಸಬಹುದು? ಪಕ್ಕದ ಜಮೀನು ಇನ್ನೂ ಗದ್ದೆ. ಅಲ್ಲಿಗೆ ರಸ್ತೆ ಚಾಚಿದರೆ ಮಾರಬಹುದಾದ ನಿವೇಶನವೊಂದು ಕಳೆದುಹೋದಂತೆ. ಹೀಗಾಗಿ ರಸ್ತೆ ಗಡಿಯವರೆಗೆ ಬಂದು ನಿಲ್ಲುತ್ತದೆ, ಅಥವಾ ಗಡಿಗೆ ಮೊದಲೇ ನಿವೇಶನವೊಂದು ಅಡ್ಡ ಮಲಗುತ್ತದೆ. ಐದು ವರ್ಷದ ನಂತರ ಪಕ್ಕದ ಗದ್ದೆಯೂ ಲೇಔಟಾದಾಗ ಅದರ ನಕ್ಷೆಯನ್ನೂ ಅದರ ಗಡಿಯೊಳಗೇ ಬರೆಯಲಾಗುತ್ತದೆ. ಒಂದರ ರಸ್ತೆಗೆ ಎದುರಾಗಿ ಇನ್ನೊಂದರ ರಸ್ತೆ ಬರುವುದು ಅದೃಷ್ಟಕ್ಕೆ ಬಿಟ್ಟ ಮಾತು. ಎದುರುಬದುರು ಬಂದರೂ ನಡುವೆ ಗೇಣಗಲದ ಪಟ್ಟಿಯನ್ನು ತನ್ನದೆಂದು ಉಳಿಸಿಕೊಂಡು, ದಾರಿ ಬೇಕಾದರೆ ಹಣ ಕೊಡು ಎನ್ನುವವರ ಜಾಣತನ ರಾಜ್ಯದ ನಿವೇಶನ ವಹಿವಾಟು ಬಲ್ಲವರಿಗೆ ಹೊಸತಲ್ಲ.

ವಿಪರ್ಯಾಸವೆಂದರೆ ಗದ್ದೆಗಳಿದ್ದಾಗ ಅಲ್ಲಿ ದಾರಿಗಳಿದ್ದವು. ಕಂದಾಯ ಇಲಾಖೆಯ ಗ್ರಾಮ ನಕಾಶೆ ಬಿಡಿಸಿದರೆ ಕಾಲುದಾರಿ, ಬಂಡಿದಾರಿಗಳು ಚುಕ್ಕೆಗೆರೆಗಳಾಗಿ ಕಾಣುತ್ತವೆ. ಊರಿಂದ ಹೊಲಕ್ಕೆ, ಹೊಲದಿಂದ ಹಳ್ಳಕ್ಕೆ, ಹಳ್ಳ ದಾಟಿ ಪಕ್ಕದೂರಿಗೆ ಹೋಗುವ ಈ ಗೆರೆಗಳು ಯಾರ ಖಾಸಗಿ ಗಡಿಗೂ ನಿಲ್ಲುವುದಿಲ್ಲ. ಸಾರ್ವಜನಿಕ ಬಳಕೆಯ ಇಂತಹ ನೆಲವನ್ನು ‘ಬಿ’ ಖರಾಬು ಎಂದು ದಾಖಲೆಗಳು ಪ್ರತ್ಯೇಕವಾಗಿ ಗುರುತಿಸುತ್ತವೆ. ಲೇಔಟುಗಳ ಕಾಲದಲ್ಲಿ ಮೊದಲು ಮರೆಯಾಗುವುದು ಈ ಚುಕ್ಕೆಗೆರೆಗಳೇ. ಇಂಗ್ಲಿಷರ ಕಾಲದ ಸರ್ವೆಯರನು ನಡೆದು ಗುರುತಿಸಿದ ದಾರಿಯನ್ನು ಉಪಗ್ರಹ ಚಿತ್ರ ಕೈಯಲ್ಲಿರುವ ಕಾಲದಲ್ಲಿ ಕಳೆದುಕೊಳ್ಳುತ್ತಿದ್ದೇವೆ!

ದಾವಣಗೆರೆಗೆ ಇನ್ನೊಂದು ವಿಶೇಷವೂ ಇದೆ. ಊರ ಸುತ್ತಲಿನ ನೆಲ ಬಹುಪಾಲು ಭದ್ರಾ ಅಚ್ಚುಕಟ್ಟಿನದು. ನಾಲೆ, ಉಪನಾಲೆ, ಬಸಿಗಾಲುವೆಗಳು ಗದ್ದೆಗಳ ನಡುವೆ ಹೆಣೆದುಕೊಂಡಿವೆ. ಗದ್ದೆಗೆ ಇಳಿಯುವವನಿಗೆ ನಾಲೆಯ ಮೇಲೊಂದು ಕಲ್ಲುಚಪ್ಪಡಿ ಸಾಕಿತ್ತು. ಲೇಔಟಿನ ಕಾರಿಗೆ, ನೀರಿನ ಟ್ಯಾಂಕರಿಗೆ, ಶಾಲಾ ಬಸ್ಸಿಗೆ ಸಾಲದು. ಒಂದೊಂದು ನಾಲೆಯೂ ಚಿಕ್ಕದೊಂದು ಗಡಿರೇಖೆಯಾಗಿ, ಆಚೀಚೆಯ ಲೇಔಟುಗಳು ಬೆನ್ನು ತಿರುಗಿಸಿ ಕುಳಿತುಕೊಳ್ಳುತ್ತವೆ.

ಜಗತ್ತಿನಲ್ಲೂ ಇದೇ ದಿಕ್ಕು

ಇದು ದಾವಣಗೆರೆಯ ಪಾಡು ಮಾತ್ರವಲ್ಲ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಬ್ಯಾರಿಂಗ್ಟನ್–ಲೀ ಮತ್ತು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಮ್ ಮಿಲಾರ್ಡ್–ಬಾಲ್ ಅವರು ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಗಳನ್ನು ಉಪಗ್ರಹ ದತ್ತಾಂಶದೊಂದಿಗೆ ತಾಳೆ ನೋಡಿ, ಯಾವ ಕಾಲದಲ್ಲಿ ಎಂತಹ ರಸ್ತೆಜಾಲ ಹುಟ್ಟಿತು ಎಂದು ಜಗತ್ತಿನಾದ್ಯಂತ ಅಳೆದರು. ಡೆಡ್‌ಎಂಡ್‌ಗಳ ಪ್ರಮಾಣ, ಕೂಡುರಸ್ತೆಗಳಲ್ಲಿ ಎಷ್ಟು ದಾರಿ ಸೇರುತ್ತವೆ ಎಂಬ ಎಣಿಕೆ, ಸುತ್ತಿನ ಅನುಪಾತ ಮೊದಲಾದವನ್ನು ಸೇರಿಸಿ ಒಂದು ಸೂಚ್ಯಂಕ ರೂಪಿಸಿದರು. 2020ರಲ್ಲಿ ಪ್ರಕಟವಾದ ಅವರ ಅಧ್ಯಯನದ ತಿರುಳೆಂದರೆ, 1975ರಿಂದೀಚೆಗೆ ಜಗತ್ತಿನ ಬಹುಭಾಗದಲ್ಲಿ ಹೊಸದಾಗಿ ಸೇರಿದ ನಗರಭಾಗಗಳು ಹಿಂದಿನವುಗಳಿಗಿಂತ ಕಡಿಮೆ ಕೂಡಿಕೊಂಡಿವೆ. ಅರ್ಜೆಂಟೀನಾ, ಬೊಲಿವಿಯಾ, ಪೆರುವಿನಂತಹ ದೇಶಗಳಲ್ಲಿ ಚೌಕುಳಿ ಬೀದಿಗಳ ರೂಢಿ ಉಳಿದಿದೆ.

ಇದೇ ಜೋಡಿ 2015ರಲ್ಲಿ ಅಮೆರಿಕದ ಒಂದು ಶತಮಾನದ ಬೀದಿಗಳನ್ನು ಲೆಕ್ಕ ಹಾಕಿತ್ತು. ಡೆಡ್‌ಎಂಡ್ ಬಡಾವಣೆಗಳ ತವರೆನಿಸಿದ ಆ ದೇಶದಲ್ಲೇ 1994ರ ಸುಮಾರಿಗೆ ಈ ಪ್ರವೃತ್ತಿ ಶಿಖರ ಮುಟ್ಟಿ, ಆಮೇಲೆ ಇಳಿಮುಖವಾಯಿತು. ಕೆಲವು ಸ್ಥಳೀಯ ಆಡಳಿತಗಳು ಹೊಸ ಬಡಾವಣೆಯ ಬೀದಿ ಪಕ್ಕದ ಬೀದಿಗೆ ಕೂಡಲೇಬೇಕೆಂದು ನಿಯಮ ಮಾಡಿದವು. ಅವರು ಕೈಬಿಡುತ್ತಿರುವುದನ್ನು ನಾವು ಕೈಗೆತ್ತಿಕೊಂಡಿದ್ದೇವೆ.

ಸಂಶೋಧಕರು ಒತ್ತಿ ಹೇಳುವ ಇನ್ನೊಂದು ಸಂಗತಿ ಕಳವಳಕಾರಿ. ಕಟ್ಟಡ ಕೆಡವಿ ಕಟ್ಟಬಹುದು, ಡಾಂಬರು ಕಿತ್ತು ಕಾಂಕ್ರೀಟು ಹಾಕಬಹುದು. ಆದರೆ ಬೀದಿ ಒಮ್ಮೆ ಎಲ್ಲಿ ಬಿತ್ತೋ ಅಲ್ಲೇ ಶತಮಾನಗಳ ಕಾಲ ಉಳಿಯುತ್ತದೆ. ಎರಡೂ ಕಡೆ ನೂರಾರು ಮಂದಿಗೆ ನಿವೇಶನ ಹಂಚಿಹೋದ ಮೇಲೆ ಒಂದು ಅಡ್ಡರಸ್ತೆಗಾಗಿ ಯಾರ ಮನೆ ಕೆಡವುವುದು?

ಸುತ್ತಿನ ಬೆಲೆ ತೆರುವವರು

ಕಾರಿದ್ದವನಿಗೆ ಒಂದು ಕಿಲೋಮೀಟರ್ ಸುತ್ತು ಎರಡು ನಿಮಿಷದ ಮಾತು. ಏಪ್ರಿಲ್ ತಿಂಗಳ ದಾವಣಗೆರೆಯ ಬಿಸಿಲಿನಲ್ಲಿ ಚೀಲ ಹೊತ್ತು ನಡೆಯುವ ಶಾಲೆಯ ಮಗುವಿಗೆ, ಮೊಣಕಾಲು ನೋವಿನ ಅಜ್ಜಿಗೆ ಅದು ಬೇರೆಯೇ ಲೆಕ್ಕ. ಹಿಂದಿನ ಬೀದಿಯ ಕಿರಾಣಿ ಅಂಗಡಿಗೆ ಹೋಗಲೂ ಸ್ಕೂಟರ್ ತೆಗೆಯಬೇಕಾದಾಗ, ಪ್ರತಿಯೊಂದು ಸಣ್ಣ ಓಡಾಟವೂ ಮುಖ್ಯರಸ್ತೆಗೆ ಬಂದು ಬೀಳುತ್ತದೆ. ಮುಖ್ಯರಸ್ತೆ ಕಿಕ್ಕಿರಿದರೆ ಅದನ್ನು ಅಗಲ ಮಾಡಿ ಎಂಬ ಕೂಗು ಏಳುತ್ತದೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಯಲ್ಲಿ ದಾವಣಗೆರೆ ಸ್ಥಾನ ಪಡೆದ ಮೇಲೆ ಹಲವು ರಸ್ತೆಗಳು ಹೊಸ ರೂಪ ಪಡೆದವು. ಇರುವ ರಸ್ತೆ ಚೆಂದವಾಗುವುದು ಒಳ್ಳೆಯದೇ. ಆದರೆ ಇಲ್ಲದ ಕೊಂಡಿಯನ್ನು ಚೆಂದದ ರಸ್ತೆ ತುಂಬಿಕೊಡಲಾರದು.

ನಗರ ಸಾರಿಗೆ ಬಸ್ಸಿಗೂ ಇದೇ ತೊಡಕು. ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬರುವ ದಾರಿಯಿದ್ದರೆ ಬಸ್ಸು ಬಡಾವಣೆಯೊಳಗೆ ಬರುತ್ತದೆ. ಹೊಕ್ಕಲ್ಲೇ ಹೊರಬೀಳಬೇಕಾದರೆ ಕಮಾನಿನ ಮುಂದೆಯೇ ನಿಲ್ಲುತ್ತದೆ. ಅಗ್ನಿಶಾಮಕ ವಾಹನಕ್ಕೆ ಒಂದೇ ದಾರಿ, ಆ ದಾರಿಯಲ್ಲಿ ಮದುವೆಯ ಚಪ್ಪರ ಹಾಕಿದ್ದರೆ? ನೀರಿನ ಕೊಳವೆಗಳೂ ರಸ್ತೆಯನ್ನೇ ಅನುಸರಿಸುತ್ತವೆ. ರಾಜನಹಳ್ಳಿಯಿಂದ ಎತ್ತಿ ತಂದ ತುಂಗಭದ್ರೆಯ ನೀರು ಬಲೆಯಂತಹ ಕೊಳವೆಜಾಲದಲ್ಲಿ ಎರಡೂ ಕಡೆಗಳಿಂದ ಹರಿದು ಒತ್ತಡ ಕಾಯ್ದುಕೊಳ್ಳುತ್ತದೆ. ಡೆಡ್‌ಎಂಡಿನ ಕೊನೆಯ ಮನೆಯ ನಲ್ಲಿಯಲ್ಲಿ ಒತ್ತಡ ಕುಗ್ಗುತ್ತದೆ, ಕೊಳವೆಯ ತುದಿಯಲ್ಲಿ ನೀರು ನಿಲ್ಲುತ್ತದೆ.

ಮುಚ್ಚಿದ ಬೀದಿಗೆ ಪರವಾದ ಮಾತೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಹೊರಗಿನ ವಾಹನಗಳು ನುಗ್ಗದ ಬೀದಿಯಲ್ಲಿ ಮಕ್ಕಳು ಕ್ರಿಕೆಟ್ ಆಡಬಹುದು, ಅಪರಿಚಿತರ ಸುಳಿದಾಟ ಕಡಿಮೆ. ನಿವೇಶನ ಕೊಳ್ಳುವವರು ಇದಕ್ಕಾಗಿಯೇ ಹೆಚ್ಚು ಹಣ ಕೊಡುವುದೂ ಉಂಟು. ಆದರೆ ವಾಹನವನ್ನು ತಡೆಯಲು ಮನುಷ್ಯನನ್ನೂ ತಡೆಯಬೇಕಾಗಿಲ್ಲ. ಗೋಡೆಯ ಜಾಗದಲ್ಲಿ ಎರಡು ಕಲ್ಲುಕಂಬ ನೆಟ್ಟು ಆರಡಿಯ ಕಾಲುದಾರಿ ಬಿಟ್ಟರೆ ಕಾರು ನಿಲ್ಲುತ್ತದೆ, ಸೈಕಲ್ಲು ದಾಟುತ್ತದೆ. ಇಷ್ಟು ಅಗ್ಗದ ಪರಿಹಾರ ಇಷ್ಟು ಅಪರೂಪವಾಗಿರುವುದೇ ಅಚ್ಚರಿ.

ಹರಿಹರದ ಸೇತುವೆ, ನಡುವಿನ ಗದ್ದೆಗಳು

ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್ ದೂರದ ಹರಿಹರ, ದಾಟುದಾರಿಯ ಮಹತ್ವವನ್ನು ಬಹಳ ಹಿಂದೆಯೇ ಕಂಡುಕೊಂಡ ಊರು. 13ನೇ ಶತಮಾನದ ಹರಿಹರೇಶ್ವರ ದೇವಾಲಯದ ಸುತ್ತ ಬೆಳೆದ ಪೇಟೆಗೆ ತುಂಗಭದ್ರೆಯೇ ಗಡಿ. ನದಿಯ ಈಚೆ ಮೈಸೂರು ಸೀಮೆ, ಆಚೆ ಮುಂಬಯಿ ಪ್ರಾಂತ. 1868ರಲ್ಲಿ ಇಲ್ಲಿ ಸೇತುವೆ ಪೂರ್ಣಗೊಂಡಾಗ ಬೆಂಗಳೂರು–ಧಾರವಾಡ ಹೆದ್ದಾರಿ ಕೂಡಿಕೊಂಡಿತು. ಮುಂದೆ ಊರಿನಲ್ಲಿ ಕಿರ್ಲೋಸ್ಕರ್ ಕಾರ್ಖಾನೆ, ನದಿಯಾಚೆಯ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಕಾರ್ಖಾನೆ ಬಂದವು. ನದಿಯೊಂದು ಬದಿಗೆ, ಹಳಿಯೊಂದು ಬದಿಗೆ, ನಡುವೆ ಊರು. 2011ರಲ್ಲಿ ಸುಮಾರು 83 ಸಾವಿರ ಜನರಿದ್ದ ಹರಿಹರಕ್ಕೆ ಬೆಳೆಯಲು ಸುಲಭವಾಗಿ ತೆರೆದಿರುವ ದಿಕ್ಕುಗಳಲ್ಲಿ ಮುಖ್ಯವಾದದ್ದು ದಾವಣಗೆರೆಯ ಕಡೆ.

ದಾವಣಗೆರೆಯೂ ಹರಿಹರದ ಕಡೆಗೆ ಚಾಚುತ್ತಿದೆ. ಎರಡೂ ನಗರಗಳಿಗೆ ಸೇರಿ ಒಂದೇ ನಗರಾಭಿವೃದ್ಧಿ ಪ್ರಾಧಿಕಾರ ಇರುವುದೇ, ಇವು ಒಂದಾಗಲಿರುವ ಊರುಗಳೆಂಬ ಎಣಿಕೆಯನ್ನು ಹೇಳುತ್ತದೆ. ಆದರೆ ಇಂದು ಎರಡನ್ನೂ ಬೆಸೆದಿರುವುದು ಮುಖ್ಯವಾಗಿ ಹಳೆಯ ಪಿ.ಬಿ. ರಸ್ತೆ, ರೈಲುಹಳಿ ಮತ್ತು ಹೆದ್ದಾರಿ. ಮೂರೂ ಉದ್ದುದ್ದ ಸಾಗುವ ಗೆರೆಗಳು. ಇವುಗಳಿಗೆ ಅಡ್ಡಲಾಗಿ, ಇವುಗಳ ಜೊತೆಜೊತೆಗೆ ಸಾಗುವ ಎರಡನೇ ದರ್ಜೆಯ ರಸ್ತೆಗಳು ಬೇಕು. ದೊಡ್ಡಬಾತಿಯ ಗುಡ್ಡ, ಕೆರೆ, ನಾಲೆಗಳು ಎಲ್ಲಿ ಅಡ್ಡಬರುತ್ತವೆ ಎಂಬುದನ್ನು ನೋಡಿಕೊಂಡೇ ಗೆರೆ ಎಳೆಯಬೇಕು. ಅದಿಲ್ಲದೆ ಪಿ.ಬಿ. ರಸ್ತೆಯ ಇಕ್ಕೆಲಗಳಲ್ಲಿ ಲೇಔಟುಗಳ ಕಮಾನುಗಳಷ್ಟೇ ಸಾಲಾಗಿ ನಿಂತರೆ, 14 ಕಿಲೋಮೀಟರ್ ಉದ್ದದ ಒಂದೇ ಬೊಡ್ಡೆಯ ಮರವೊಂದು ತಯಾರಾಗುತ್ತದೆ.

ಕಾನೂನಿನಲ್ಲಿ ದಾರಿಯಿಲ್ಲವೆಂದಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಹಾಯೋಜನೆಯಲ್ಲಿ ರಸ್ತೆಗಳನ್ನು ಮೊದಲೇ ಗುರುತಿಸಬಹುದು. 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯಂತೆ ಖಾಸಗಿ ಲೇಔಟಿಗೂ ಪ್ರಾಧಿಕಾರದ ಅನುಮತಿ ಬೇಕು. ಪಕ್ಕದ ಲೇಔಟಿನ ರಸ್ತೆಗೆ ನಿಮ್ಮ ರಸ್ತೆ ಕೂಡಲಿ ಎಂದು ಹೇಳುವ ಗಳಿಗೆ ಅದೇ. ತೊಡಕಿರುವುದು ಮಹಾಯೋಜನೆಯ ದೊಡ್ಡ ಗೆರೆಗೂ ಲೇಔಟಿನ ಸಣ್ಣ ಗೆರೆಗೂ ನಡುವಿನ ಖಾಲಿ ಜಾಗದಲ್ಲಿ. ಮಹಾಯೋಜನೆ ನೂರಡಿ ರಸ್ತೆಯನ್ನು ತೋರಿಸುತ್ತದೆ, ಲೇಔಟು ಮೂವತ್ತಡಿ ರಸ್ತೆಯನ್ನು ಬರೆದುಕೊಳ್ಳುತ್ತದೆ. ಹತ್ತು ಲೇಔಟುಗಳನ್ನು ಹಾದುಹೋಗುವ ನಲವತ್ತು–ಅರವತ್ತಡಿ ರಸ್ತೆಯ ಹೊಣೆ ಯಾರದೂ ಅಲ್ಲ.

ಗುಜರಾತಿನಲ್ಲಿ ಈ ಖಾಲಿ ಜಾಗವನ್ನು ನಗರ ಯೋಜನಾ ಸ್ಕೀಮುಗಳ ಮೂಲಕ ತುಂಬುತ್ತಾರೆ. ಮುಂಬಯಿ ಪ್ರಾಂತದ 1915ರ ಕಾಯ್ದೆಯಿಂದ ಬಂದ ಪದ್ಧತಿ ಅದು. ನೂರಾರು ಎಕರೆಯ ಹಲವು ರೈತರ ಜಮೀನನ್ನು ಒಟ್ಟಿಗೆ ಪರಿಗಣಿಸಿ, ಎಲ್ಲರಿಂದಲೂ ಒಂದು ಪಾಲು ರಸ್ತೆ–ಉದ್ಯಾನಗಳಿಗೆ ತೆಗೆದು, ಉಳಿದದ್ದನ್ನು ನೇರ ಗಡಿಗಳೊಂದಿಗೆ ಅವರಿಗೇ ಮರಳಿಸುತ್ತಾರೆ. ಅಹಮದಾಬಾದಿನ ಸರ್ದಾರ್ ಪಟೇಲ್ ವರ್ತುಲ ರಸ್ತೆಗೆ ನೆಲ ದೊರೆತದ್ದರಲ್ಲಿ ಈ ಪದ್ಧತಿಯ ಪಾಲು ದೊಡ್ಡದು. ಕರ್ನಾಟಕದ 1961ರ ಕಾಯ್ದೆಯಲ್ಲೂ ಇಂತಹ ಸ್ಕೀಮಿಗೆ ಅವಕಾಶವಿದೆ, ಬಳಕೆ ಮಾತ್ರ ವಿರಳ. ರೈತನಿಗೆ ನೆಲ ಪೂರಾ ಹೋಗುವುದಿಲ್ಲ, ಸರ್ಕಾರಕ್ಕೆ ಪರಿಹಾರದ ಹೊರೆ ಕಡಿಮೆ. ಬೇಕಾಗುವುದು ಹತ್ತಾರು ಹಿಡುವಳಿದಾರರನ್ನು ಒಟ್ಟಿಗೆ ಕೂರಿಸುವ ತಾಳ್ಮೆ.

ನಿವೇಶನ ಕೊಳ್ಳುವವರೂ ಮಾಡಬಹುದಾದ ಒಂದು ಕೆಲಸವಿದೆ. ಗ್ರಾಮ ನಕಾಶೆಗಳು ಈಗ ಕಂದಾಯ ಇಲಾಖೆಯ ಭೂದಾಖಲೆಗಳ ಜಾಲತಾಣದಲ್ಲೇ ಸಿಗುತ್ತವೆ. ಮಾರಾಟಗಾರರು ಕೊಡುವ ಲೇಔಟ್ ನಕ್ಷೆಯನ್ನು ಅದರ ಪಕ್ಕದಲ್ಲಿಟ್ಟು ಎರಡು ಸಂಗತಿಗಳನ್ನು ನೋಡಬೇಕು: ಹಳೆಯ ಬಂಡಿದಾರಿಯ ಚುಕ್ಕೆಗೆರೆ ಈ ಲೇಔಟಿನಲ್ಲಿ ಎಲ್ಲಿಗೆ ಬಂದಿದೆ, ಅಲ್ಲಿ ರಸ್ತೆಯಿದೆಯೇ ಅಥವಾ ನಿವೇಶನದ ಸಂಖ್ಯೆ ಬರೆದಿದೆಯೇ, ಮತ್ತು ಲೇಔಟಿನ ಅಂಚಿಗೆ ಬರುವ ರಸ್ತೆಗಳಲ್ಲಿ ಎಷ್ಟು ಪಕ್ಕದ ಸರ್ವೆ ನಂಬರಿಗೆ ತೆರೆದಿವೆ. ಅಂಚಿನಲ್ಲಿ ತೆರೆದ ರಸ್ತೆಯಿದ್ದರೆ ಅದು ಪ್ರಾಧಿಕಾರ ಅನುಮೋದಿಸಿದ ನಕ್ಷೆಯಲ್ಲೂ ರಸ್ತೆಯೆಂದೇ ಇದೆಯೇ ಎಂದು ಮುಂಗಡ ಕೊಡುವ ಮೊದಲು ಕೇಳಿ ಖಚಿತಪಡಿಸಿಕೊಳ್ಳುವುದು ಒಳಿತು.